ಕೆಂಪವ್ವನ ಕೈಗುಣ

ಬೈಲಹೊಂಗಲದ ಜಿನ್ನಿಂಗ್ ಫ್ಯಾಕ್ಟರಿಯ ಭೋಂಗಾ ಬೆಳಗಿನ ಪಾಳಿಗೆ ಕೂಗಿದಾಗ ಹಿಂದಿನ ಓಣಿಯ ತಗಡುಗಳೆಲ್ಲ ಸಣ್ಣಗೆ ನಡುಗುತ್ತಿದ್ದವು. ಹತ್ತಿಯ ಹಂಗಾಮು ಇರುವವರೆಗೆ ಅದು ದಿನಾ ಕೂಗುತ್ತಿತ್ತು. ಹಂಗಾಮು ಮುಗಿದ ಮೇಲೆ ಅದರ ಕೂಗಿಲ್ಲದೆ ಓಣಿಯವರಿಗೆ ಬೆಳಗಾಗುವುದೇ ತಡವಾಗುತ್ತಿತ್ತು. ಕೆಂಪವ್ವ ಮಾತ್ರ ಭೋಂಗಾಕ್ಕಿಂತ ಮೊದಲೇ ಎದ್ದಿರುತ್ತಿದ್ದಳು. ಈಚೆಗೆ ಅವಳು ಎದ್ದರೂ ಅವಳ ಕೈಗಳು ಏಳುತ್ತಿರಲಿಲ್ಲ.

ಹಾಸಿಗೆಯ ಮೇಲೆ ಕುಳಿತು, ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಯಾರದೋ ಮನೆಯ ಕೂಸನ್ನು ನೋಡುವ ಹಾಗೆ ಅದನ್ನು ನೋಡುತ್ತಿದ್ದಳು. ಹೆಬ್ಬೆರಳಿನ ಬುಡ ಊದಿಕೊಂಡಿರುತ್ತಿತ್ತು. ಉಳಿದ ಬೆರಳುಗಳಲ್ಲಿ ಇರುವೆ ಹರಿದಾಡಿದಂತೆ ಜುಮುಜುಮು. ಒಲೆಯ ಪಕ್ಕದ ಬಿಸಿನೀರಿನ ಪಾತ್ರೆಯಲ್ಲಿ ಕೈ ಇಳಿಬಿಟ್ಟು ಕೂತರೆ, ಭೋಂಗಾ ಕೂಗಿ ನಿಂತು, ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ಜಿನ್ನಿನ ಕಡೆ ಹೋಗುವ ಹೊತ್ತಿಗೆ ಬೆರಳುಗಳು ಒಂದೊಂದಾಗಿ ಅವಳ ಮಾತು ಕೇಳತೊಡಗುತ್ತಿದ್ದವು. ಆಮೇಲೆ ಅವಳು ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ಏನೂ ಆಗಿಲ್ಲವೆಂಬಂತೆ ಹೋಗುತ್ತಿದ್ದಳು.

ಅವಳ ಕೆಲಸ ಬಾಣಂತಿಯರಿಗೆ ಎಣ್ಣೆ ಹಚ್ಚಿ ಎರೆಯುವುದು, ಕೂಸುಗಳಿಗೆ ಎರೆಯುವುದು. ಪೇಟೆಯ ಮೂರು ಓಣಿಗಳಲ್ಲಿ ಅವಳ ಕಾಲ ಮೇಲೆ ಮಲಗಿ ಅಳದವರು ಕಡಿಮೆ. ಈಗ ಮೀಸೆ ತಿರುವಿಕೊಂಡು ಅಡತಿ ಅಂಗಡಿಯಲ್ಲಿ ಕೂತವರು, ಮೋಟಾರ್ ಸೈಕಲ್ಲಿನ ಮೇಲೆ ಹಾದುಹೋಗುವವರು, ಅವಳನ್ನು ಕಂಡರೆ ಒಂದು ಕ್ಷಣ ಕಣ್ಣು ಕೆಳಗೆ ಹಾಕುತ್ತಿದ್ದರು. ಇವಳ ಕೈಗೆ ತಮ್ಮ ಮೈಯೆಲ್ಲ ಗೊತ್ತು ಎಂಬ ನಾಚಿಕೆ ಇರಬೇಕು.

ಮಣ್ಣಿನ ಕುಡಿಕೆಯಲ್ಲಿ ಎಣ್ಣೆ ಕಾಸಿ, ಅದರಲ್ಲಿ ಬೆಳ್ಳುಳ್ಳಿಯ ಎಸಳು, ಒಂದು ಚಿಟಿಕೆ ಓಂಕಾಳು ಹಾಕಿ, ಮೊದಲು ತನ್ನ ಮುಂಗೈಯ ಮೇಲೆ ಒಂದು ಹನಿ ಬಿಟ್ಟು ನೋಡುತ್ತಿದ್ದಳು. ಆಮೇಲೆ ಬಾಣಂತಿಯ ನಡುವಿಗೆ. ಹೆತ್ತ ನಡು ಹೇಗಿರುತ್ತದೆ ಎಂದು ಅವಳಿಗೆ ಕಣ್ಣು ಮುಚ್ಚಿದರೂ ತಿಳಿಯುತ್ತಿತ್ತು. ಗಂಟು ಬಿದ್ದ ಹಗ್ಗವನ್ನು ಬಿಚ್ಚುವವರು ಮೊದಲು ಗಂಟನ್ನು ಎಳೆಯುವುದಿಲ್ಲ, ಸುತ್ತ ಸಡಿಲ ಮಾಡುತ್ತಾರೆ. ಅವಳೂ ಹಾಗೆಯೇ ಪಕ್ಕೆಯಿಂದ ಸುರುಮಾಡಿ ನಿಧಾನಕ್ಕೆ ನಡುವಿಗೆ ಬರುತ್ತಿದ್ದಳು. ಹೆಗಲಿನ ಮೇಲೆ ಅವಳ ಅಂಗೈ ಊರಿದಾಗ ಬಾಣಂತಿಯರು ಬಿಡುತ್ತಿದ್ದ ಉಸಿರು ಒಂದು ಬೇರೆಯೇ ಇರುತ್ತಿತ್ತು. ಕೆಲವರು ಅಳುತ್ತಿದ್ದರು. ಯಾಕೆಂದು ಅವಳು ಕೇಳುತ್ತಿರಲಿಲ್ಲ. ಎರೆದ ಮೇಲೆ ನಿದ್ದೆ ಬರುತ್ತಿತ್ತು, ಮೈ ಹಗುರಾಗುತ್ತಿತ್ತು, ಬಿಗಿದ ಎದೆ ಸಡಿಲವಾಗಿ ಕೂಸಿನ ಬಾಯಿಗೆ ಹಾಲು ಸಿಗುತ್ತಿತ್ತು. ಕೂಸಂತೂ ಎರೆಸಿಕೊಂಡು, ಲೋಬಾನದ ಹೊಗೆ ಹಾಕಿಸಿಕೊಂಡು, ಕುಂಚಿಗೆ ಕಟ್ಟಿಸಿಕೊಂಡರೆ ಮಧ್ಯಾಹ್ನದವರೆಗೆ ಕಣ್ಣು ಬಿಡುತ್ತಿರಲಿಲ್ಲ.

ಇದಕ್ಕೆ ಊರು ಕೈಗುಣ ಎನ್ನುತ್ತಿತ್ತು.

ಕೆಂಪವ್ವ ಮಾತ್ರ ಎಣ್ಣೆ ಹಚ್ಚುವುದು ಅರ್ಧ ಕೆಲಸ ಎನ್ನುತ್ತಿದ್ದಳು. ಉಳಿದ ಅರ್ಧ, ಹಚ್ಚಿದ ಮೇಲೆ ಸುಮ್ಮನೆ ಬಿದ್ದುಕೊಳ್ಳುವುದು. ಎರೆದು ಮುಗಿದ ಕೂಡಲೇ ಬಾಣಂತಿಯ ಕಿವಿಗೆ ಹತ್ತಿ ಇಟ್ಟು, ಹೊಟ್ಟೆಗೆ ಹಳೇ ಧೋತರದ ಪಟ್ಟಿ ಬಿಗಿದು, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಟ್ಟು, ಮೇಲೆ ಕಂಬಳಿ ಹೊದಿಸುತ್ತಿದ್ದಳು. ಬೆವರು ಬಂದು, ಬೆವರು ಆರಬೇಕು. ಅಲ್ಲಿಯವರೆಗೆ ಏಳುವಂತಿಲ್ಲ. ಕುಡಿಯಲು ಬಿಸಿನೀರು, ಅದೂ ಗುಟುಕು ಗುಟುಕಾಗಿ. ಆ ದಿನ ತಣ್ಣೀರಲ್ಲಿ ಕೈ ಅದ್ದುವಂತಿಲ್ಲ, ಬಗ್ಗಿ ಕಸ ಹೊಡೆಯುವಂತಿಲ್ಲ, ಕೊಡ ಎತ್ತುವಂತಿಲ್ಲ. ಹದಕ್ಕೆ ಬಂದ ಮೈ ಹಸಿ ಗೋಡೆಯಿದ್ದ ಹಾಗೆ, ಅದಕ್ಕೆ ಒರಗಿದರೆ ಒರಗಿದ ಗುರುತು ಉಳಿಯುತ್ತದೆ ಎನ್ನುತ್ತಿದ್ದಳು. ಹೇಳಿ ಸುಮ್ಮನಾಗುವವಳಲ್ಲ. ಬಾಗಿಲಲ್ಲಿ ಕಾಲು ಚಾಚಿ ಕೂತುಬಿಡುತ್ತಿದ್ದಳು.

ತೊಂಬತ್ತೊಂದರಲ್ಲಿ ಸಾವಿತ್ರೆವ್ವನ ಕಿರಿಯ ಮಗ ಸಂಜು ಹುಟ್ಟಿದಾಗಿನ ಮಾತು. ಸಾವಿತ್ರೆವ್ವ ಪೇಟೆಯ ದೊಡ್ಡ ಹತ್ತಿ ವ್ಯಾಪಾರಸ್ಥ ನಿಜಗುಣಪ್ಪನ ಹೆಂಡತಿ. ಅವಳು ಎರಕೊಂಡು ಮಲಗಿದ್ದ ಹೊತ್ತಿಗೇ ರಾಮದುರ್ಗದಿಂದ ಬೀಗರು ಬಂದರು. ಬೆಳ್ಳಿಯ ಲೋಟ ತೆಗೆಯಬೇಕು, ತಿಜೋರಿಯ ಕೀಲಿ ಎಲ್ಲಿದೆ ಎಂದು ಕೇಳಲು ನಿಜಗುಣಪ್ಪ ಬಾಣಂತಿಯ ಕೋಣೆಗೆ ಬಂದ. ಕೆಂಪವ್ವ ಬಾಗಿಲಿನಿಂದ ಕಾಲು ತೆಗೆಯಲಿಲ್ಲ.

“ಕೀಲಿ ಎಲ್ಲಿ ಓಡಿ ಹೋಗೂದಿಲ್ರಿ ಮಾಲಕರ. ಬೆವರು ಆರೂ ಮಟಾ ಈ ಬಾಗಲಾ ನಂದು.”

“ನನ್ನ ಮನ್ಯಾಗ ನನಗ ಬಾಗಲಾ ಇಲ್ಲೇನ ಹಂಗಾರ?” ಎಂದ ನಿಜಗುಣಪ್ಪ.

“ಹಿತ್ತಲ ಬಾಗಲಾ ಐತಲ್ರಿ. ನಾ ದಿನಾ ಅದರಾಗ ಬರತೇನಿ.”

ಕಂಬಳಿಯೊಳಗೆ ಸಾವಿತ್ರೆವ್ವ ನಕ್ಕು ನಕ್ಕು ಹೊಲಿಗೆ ಜಗ್ಗಿದಂತಾಗಿ ಹೊಟ್ಟೆ ಹಿಡಿದುಕೊಂಡಳಂತೆ. ಬೀಗರಿಗೆ ಸ್ಟೀಲಿನ ಲೋಟದಲ್ಲೇ ಚಹಾ ಹೋಯಿತು.

ಹೀಗೆ ಊರಿನ ಹೆಂಗಸರನ್ನೆಲ್ಲ ಮಲಗಿಸಿದವಳು ತಾನು ಮಲಗಿದ್ದಿಲ್ಲ. ಬಚ್ಚಲದ ಹಬೆಯಲ್ಲಿ ಮೈಯೆಲ್ಲ ತೊಯ್ದು, ತೊಯ್ದ ಸೀರೆಯಲ್ಲೇ ಹಿತ್ತಲ ಬಾಗಿಲಿನಿಂದ ಚಳಿಗಾಳಿಗೆ ಬರುತ್ತಿದ್ದಳು. ಎಣ್ಣೆಯ ಕೈಯನ್ನು ಹಿತ್ತಲ ತೊಟ್ಟಿಯ ತಣ್ಣೀರಲ್ಲಿ ತೊಳೆದು, ತನಗೆಂದು ಗೋಡೆಯ ಗೂಡಿನಲ್ಲಿ ಇಟ್ಟಿದ್ದ ಕಪ್ಪಿನಲ್ಲಿ ಚಹಾ ಕುಡಿದು, ಮುಂದಿನ ಮನೆಗೆ. ಗಂಡ ಪರಪ್ಪ ಬದುಕಿದ್ದಾಗ ಬೈಯುತ್ತಿದ್ದ. ಅವನು ಹೋದ ಮೇಲೆ ಬೈಯುವವರೂ ಇರಲಿಲ್ಲ. ಒಬ್ಬಳ ಬಾಣಂತನ ಮುಗಿಯುವುದಕ್ಕಿಂತ ಮೊದಲು ಇನ್ನೊಬ್ಬಳದು ಸುರುವಾಗಿರುತ್ತಿತ್ತು. ಎಣ್ಣೆ ಮುಟ್ಟಿಸಿದ ಕೈಯೇ ಕೊನೆಯ ಎರಕದವರೆಗೆ ಎರೆಯಬೇಕು, ನಡುವೆ ಕೈ ಬದಲಾದರೆ ಕೂಸಿಗೆ ಆಗಿಬರುವುದಿಲ್ಲ ಎಂಬ ನಂಬಿಕೆ ಎಲ್ಲ ಮನೆಗಳಲ್ಲೂ ಇತ್ತು. ಹಾಗಾಗಿ ನಿಲ್ಲಿಸುವ ದಿನವೆಂಬುದು ಅವಳ ವರ್ಷಗಳಲ್ಲಿ ಎಲ್ಲೂ ಸಿಗಲಿಲ್ಲ. ದೊಡ್ಡ ದವಾಖಾನೆಯ ಡಾಕ್ಟರು ಅವಳ ಮಣಿಕಟ್ಟನ್ನು ಒತ್ತಿ ನೋಡಿ, ನರ ಬಿಗಿದಿದೆ, ಒಂದೂವರೆ ತಿಂಗಳು ಈ ಕೈಗೆ ಕೆಲಸ ಬೇಡ ಎಂದಿದ್ದರು. ಅದು ಸರಿಯಾಗಿ ಒಂದು ಬಾಣಂತನದ ಹೊತ್ತು. ಹೊರಗೆ ಬಂದು ಅವಳು ನಕ್ಕಿದ್ದಳು. ಗುಳಿಗೆ ನುಂಗಿ ಕೆಲಸಕ್ಕೆ ಹೋಗಿದ್ದಳು.

ಮನೆಯಲ್ಲಿ ಎಣ್ಣೆ ತಿಕ್ಕಲು ಯಾರೂ ಇರಲಿಲ್ಲವೆಂದಲ್ಲ. ಮಗ ಗೌತಮನ ಹೆಂಡತಿ ರೇಣು ಅದೇ ಕೆಲಸ ಮಾಡುತ್ತಿದ್ದಳು. ಕಟಕೋಳದ ಹುಡುಗಿ, ಹತ್ತನೆಯವರೆಗೆ ಓದಿದವಳು. ಕಿತ್ತೂರಿನಲ್ಲಿ ಹೆದ್ದಾರಿಯ ಬದಿಗೆ ಹೊಸದಾಗಿ ತೆರೆದ ಆಯುರ್ವೇದದ ಮಾಲೀಸು ಕೇಂದ್ರಕ್ಕೆ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದಳು. ಅಲ್ಲಿ ಕಟ್ಟಿಗೆಯ ಎತ್ತರದ ಮಂಚದ ಮೇಲೆ ಮಲಗಿಸಿ ಎಣ್ಣೆ ಹಚ್ಚುತ್ತಾರೆಂದು ಕೇಳಿ ಕೆಂಪವ್ವ ಮೂಗು ಮುರಿದಿದ್ದಳು. ಕಾಲು ಚಾಚಿ ಕೂರಲು ಬಾರದವರು ಎಣ್ಣೆ ಏನು ಹಚ್ಚಿಯಾರು ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ನಕ್ಕಿದ್ದಳು. ನಿಂತು ಹಚ್ಚಿದರೆ ಮೈಯ ಭಾರ ಕೆಲಸ ಮಾಡುತ್ತದೆ, ಬೆರಳಿಗೆ ತ್ರಾಸಿಲ್ಲ ಎಂದು ರೇಣು ಹೇಳಿದರೆ, ಹೌದೇನವ್ವಾ ಎಂದು ಸುಮ್ಮನಾಗುತ್ತಿದ್ದಳು. ಸಂಜೆ ಮನೆಗೆ ಬಂದ ರೇಣು ಮೊಣಕೈಯವರೆಗೆ ಬಿಸಿನೀರಲ್ಲಿ ಕೈ ತೊಳೆದು, ಒಲೆಯ ಕಡೆ ಹೋಗದೆ, ಮೊಣಕಾಲ ಮೇಲೆ ಕೈ ಇಳಿಬಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿರುತ್ತಿದ್ದಳು. ಕೆಂಪವ್ವನಿಗೆ ಅದು ನಖರಾ ಅನ್ನಿಸುತ್ತಿತ್ತು. ಬೇಕೆಂದೇ ಆಗ ಜೋರಾಗಿ ರೊಟ್ಟಿ ಬಡಿಯುತ್ತಿದ್ದಳು.

ರೇಣು ಎಲ್ಲ ನೋಡುತ್ತಿದ್ದಳು. ಅತ್ತೆ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿಯುವುದನ್ನು, ಸೀರೆಯ ಗಂಟನ್ನು ಹಲ್ಲಿನಿಂದ ಬಿಗಿಯುವುದನ್ನು. ಒಂದು ದಿನ ಎಣ್ಣೆಯ ಬಟ್ಟಲು ಬಿಸಿ ಮಾಡಿಕೊಂಡು ಎದುರಿಗೆ ಬಂದು ಕೂತಳು.

“ಕೈ ಕೊಡ್ರಿ ಅತ್ತಿ.”

“ಒಲ್ಲೆ.”

“ನೋಯಾಕತ್ತೈತಿ ಅಂತ ಗೊತ್ತೈತಿ ನನಗ.”

“ನೋಯಲಿ. ಮೈಗೆ ಬೇಕಾದ್ರ ಹಚ್ಚು. ಕೈ ಮುಟ್ಟಬ್ಯಾಡ.”

ಅವಳು ಹಾಗೆಂದದ್ದಕ್ಕೆ ಕಾರಣವಿತ್ತು. ಅವಳ ಅತ್ತೆ ಮುದಕವ್ವ ಈ ಕೆಲಸದಲ್ಲಿ ಅವಳಿಗಿಂತ ದೊಡ್ಡ ಹೆಸರು. ದೇಗಾಂವದಿಂದಲೂ ಗಾಡಿ ಕಳಿಸಿ ಕರೆಸುತ್ತಿದ್ದರು. ಆ ಮುದಕವ್ವ ತನ್ನ ಕೈಗೆ ಯಾರಿಂದಲೂ ಎಣ್ಣೆ ಹಚ್ಚಿಸಿಕೊಂಡವಳಲ್ಲ. ಎಣ್ಣೆ ಹಚ್ಚುವ ಕೈಗೆ ಯಾರು ಎಣ್ಣೆ ಹಚ್ಚುತ್ತಾರೋ, ಕೈಗುಣ ಅವರಿಗೆ ಇಳಿಯುತ್ತದೆ ಎನ್ನುತ್ತಿದ್ದಳು. ಕೊನೆಗೆ ಒಂದು ದಿನ ತಾನಾಗಿ ಸೊಸೆಯನ್ನು ಕರೆದು ಎರಡೂ ಕೈ ಮುಂದೆ ಚಾಚಿದಳು. ಕೆಂಪವ್ವ ತಿಕ್ಕಿದಳು. ಆಮೇಲೆ ಮುದಕವ್ವ ಒಂದು ವರ್ಷದ ಮೇಲೆ ಬದುಕಿದ್ದಳು, ಆದರೆ ಅವಳ ಕೈಯಲ್ಲಿ ಒಂದು ಕೂಸೂ ಸುಮ್ಮನಾಗಲಿಲ್ಲ. ಬಾಗಿಲಲ್ಲಿ ಕೂತು, ಎರೆಯಲು ಹೋಗುವ ಸೊಸೆಯನ್ನು ನೋಡುತ್ತಿದ್ದಳು. ಆ ನೋಟ ಕೆಂಪವ್ವನಿಗೆ ಮರೆತಿರಲಿಲ್ಲ. ಕೈ ಚಾಚುವುದೆಂದರೆ ಬಾಗಿಲಲ್ಲಿ ಕೂರುವುದು ಎಂದು ಅವಳು ತಿಳಿದುಕೊಂಡಿದ್ದಳು.

ಎರಡು ಸಾವಿರದ ನಾಲ್ಕರ ಚಳಿಗಾಲದಲ್ಲಿ ಸಾವಿತ್ರೆವ್ವನ ಮಗಳು ಶೈಲಜಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಸವದತ್ತಿಗೆ ಕೊಟ್ಟ ಹುಡುಗಿ, ಅಲ್ಲಿನ ಒಂದು ಸಾಲೆಯಲ್ಲಿ ಟೀಚರು. ಶೈಲಜಾ ಹುಟ್ಟಿದಾಗ ಎರೆದದ್ದೂ ಕೆಂಪವ್ವನೇ. ಈಗ ಅವಳ ಹೆಣ್ಣು ಕೂಸಿಗೆ ಎರೆಯುವುದೂ ಕೆಂಪವ್ವನೇ ಎಂಬುದನ್ನು ಯಾರೂ ಮಾತಾಡಿ ಗೊತ್ತುಮಾಡಬೇಕಾಗಿರಲಿಲ್ಲ. ಹೆರಿಗೆಯಾದ ಸುದ್ದಿ ಬಂದ ದಿನ ಕೆಂಪವ್ವ ಬಿಸಿನೀರಲ್ಲಿ ಕೈ ಇಳಿಬಿಟ್ಟು ಇನ್ನೂ ಸ್ವಲ್ಪ ಹೊತ್ತು ಕೂತಳು. ಇದೊಂದು ಆಗಿಬಿಡಲಿ ಎಂದುಕೊಂಡಳು. ಇದಕ್ಕೂ ಮುಂಚೆ ಎಷ್ಟೋ ಸಲ ಹಾಗೆ ಅಂದುಕೊಂಡಿದ್ದಳು.

ಬಾಣಂತಿಗೆ ಎಣ್ಣೆ ಹಚ್ಚುವಾಗ ನಡೆಯುತ್ತಿತ್ತು. ಬೆರಳಿನ ಬದಲು ಮುಂಗೈ, ಹೆಬ್ಬೆರಳಿನ ಬದಲು ಮೊಣಕೈ. ಆಯಿ, ನಿನ್ನ ಕೈ ಮೊದಲಿನಕಿಂತ ಮೆತ್ತಗ ಆಗ್ಯಾವು ಎಂದು ಶೈಲಜಾ ಕಣ್ಣು ಮುಚ್ಚಿಕೊಂಡೇ ಅಂದಳು. ನೀ ಮೊದಲ ಮುಟ್ಟಿಸಿಕೊಂಡಾಗ ನಿನಗ ಹಲ್ಲ ಇರಲಿಲ್ಲ, ನೆನಪು ಭಾಳ ಐತಿ ನಿನಗ ಎಂದು ಕೆಂಪವ್ವ ಮಾತು ತೇಲಿಸಿದಳು. ಕೂಸಿನದು ಹಾಗಲ್ಲ. ಕೂಸಿಗೆ ಬೆರಳೇ ಬೇಕು. ಎಣ್ಣೆ ಹಚ್ಚಿದ ಕೂಸು ಮೀನಿದ್ದ ಹಾಗೆ. ಮಣೆಯ ಮೇಲೆ ಕೂತು, ಕಾಲು ಚಾಚಿ, ಎರಡು ಮೊಣಕಾಲ ನಡುವಿನ ತಗ್ಗಿನಲ್ಲಿ ಅದನ್ನು ಬೋರಲು ಹಾಕಿ, ಒಂದು ಕೈ ಎದೆಯ ಕೆಳಗೆ ಕೊಟ್ಟು, ಇನ್ನೊಂದು ಕೈಯಿಂದ ಬೆನ್ನು ನೀವಬೇಕು.

ಎರಡನೆಯ ವಾರದ ಒಂದು ಬೆಳಿಗ್ಗೆ ಅದು ಆಯಿತು. ಸಾವಿತ್ರೆವ್ವ ತಂಬಿಗೆಯಲ್ಲಿ ನೀರು ತೋಡಿಕೊಂಡು ನಿಂತಿದ್ದಳು. ಕೆಂಪವ್ವ ಕೂಸನ್ನು ಬೋರಲಿನಿಂದ ಅಂಗಾತ ಮಾಡಲು ಬಲಗೈ ಕೊಟ್ಟು ಎತ್ತಿದಳು. ಕೈ ಹಿಡಿದಿದೆ ಎಂದೇ ಅವಳು ತಿಳಿದಿದ್ದಳು. ಹಿಡಿದಿರಲಿಲ್ಲ. ಬೆರಳುಗಳಿಗೆ ಕೂಸು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಅದು ಕಾಲುಗುಂಟ ಜಾರಿ ಬಚ್ಚಲದ ಕಲ್ಲಿನ ಕಡೆ ಹೋಗುವುದನ್ನು ಅವಳು ಕಣ್ಣಿನಿಂದ ಕಂಡಳು. ಮೊಣಕಾಲು ತಾವಾಗಿ ಬಿಗಿದುಕೊಂಡವು. ಪಾದಗಳು ಮೇಲೆದ್ದವು. ಕೂಸಿನ ತಲೆ ಅವಳ ಪಾದದ ಮೇಲ್ಬದಿಗೆ ಬಂದು ನಿಂತಿತು. ಕಲ್ಲಿಗೂ ತಲೆಗೂ ನಡುವೆ ನಾಲ್ಕು ಬೆರಳಿನ ಎಡೆ.

ಕೂಸು ಅಳಲಿಲ್ಲ. ಆಟವೆಂದು ತಿಳಿಯಿತೋ ಏನೋ, ಕಣ್ಣರಳಿಸಿ ನೋಡಿತು. ಕೆಂಪವ್ವ ಎಡಗೈಯಿಂದ ಅದನ್ನು ಬಾಚಿ ಎಳೆದುಕೊಂಡಳು. ತಲೆ ಎತ್ತಲಿಲ್ಲ. ಮೇಲಿನಿಂದ ನೀರು ಬಿತ್ತು, ಹದವಾದ ಬಿಸಿಯ ನೀರು. ಸಾವಿತ್ರೆವ್ವ ಹುಯ್ಯುತ್ತಲೇ ಹೋದಳು.

ಶೈಲಜಾಳನ್ನು ಮಲಗಿಸಿ, ಕೂಸನ್ನು ತೊಟ್ಟಿಲಿಗೆ ಹಾಕಿ, ಕೆಂಪವ್ವ ಹಿತ್ತಲಿಗೆ ಬಂದಳು. ಎಂದಿನಂತೆ ತೊಟ್ಟಿಯ ತಣ್ಣೀರಲ್ಲಿ ಕೈ ಅದ್ದಿದಳು. ಹಿಂದೆಯೇ ಸಾವಿತ್ರೆವ್ವ ಬಂದು ಒಗೆಯುವ ಕಲ್ಲಿನ ಮೇಲೆ ನಡು ಹಿಡಿದುಕೊಂಡು ಕೂತಳು.

“ಸಬಕಾರ ಭಾಳ ಆಗಿತ್ರಿ ಅವ್ವಾರ, ಜಾರಿತು,” ಎಂದಳು ಕೆಂಪವ್ವ.

“ಸಬಕಾರ ಇನ್ನಾ ಹಚ್ಚಿರಲಿಲ್ಲ ನೀ.”

ಕೆಂಪವ್ವ ಕೈ ನೀರಿನಲ್ಲೇ ಬಿಟ್ಟಳು.

“ಎಷ್ಟ ದಿನದಿಂದ ಹಿಂಗೈತಿ?”

ಹೇಳಿದಳು. ಬೆಳಗಿನ ಮರಗಟ್ಟಿದ ಬೆರಳು, ಡಾಕ್ಟರು, ಗುಳಿಗೆ, ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೆ ತನ್ನ ಬಗ್ಗೆ ಅಲ್ಲ, ಬಹಳ ದಿನ ಮನೆಯಲ್ಲಿ ಮಲಗಿದ ಯಾರದೋ ಬಗ್ಗೆ ಮಾತಾಡುತ್ತಿರುವಂತೆ ಅನ್ನಿಸಿತು. ಸಾವಿತ್ರೆವ್ವ ಕೇಳಿಸಿಕೊಂಡಳು. ಬೇರೆ ಮನೆಯವರಾಗಿದ್ದರೆ ಅಂದೇ ಬೇರೆಯವರನ್ನು ಕರೆಸುತ್ತಿದ್ದರು. ಊರಿಗೂ ಸುದ್ದಿ ಹೋಗುತ್ತಿತ್ತು. ಸಾವಿತ್ರೆವ್ವ ಅಂಥದ್ದೇನೂ ಹೇಳಲಿಲ್ಲ. ಇಷ್ಟೇ ಅಂದಳು:

“ನನ್ನ ಮೂರೂ ಮಕ್ಕಳ್ನ ನಿನ್ನ ಕಾಲ ಮ್ಯಾಲ ಹಾಕೇನಿ. ಕೈ ಬದಲ ಮಾಡಾಕ ನನಗೂ ಮನಸಿಲ್ಲ. ಆದ್ರ ನಾಳೆ ಆ ಕೂಸು ನೆಲಕ್ಕ ಬಿತ್ತಂದ್ರ, ಕೆಂಪವ್ವ, ನೀನೂ ಉಳಿಯಂಗಿಲ್ಲ, ನಾನೂ ಉಳಿಯಂಗಿಲ್ಲ.”

ಆಮೇಲೆ, ನಿನ್ನ ಸೊಸಿ ಇದ್ದಾಳಲ್ಲ ಎಂದಳು. ಅದನ್ನು ಕೇಳುವ ಹಾಗೆ ಅನ್ನಲಿಲ್ಲ, ಹೇಳುವ ಹಾಗೂ ಅನ್ನಲಿಲ್ಲ.

ಕೆಂಪವ್ವ ಆ ದಿನ ಓಣಿಯಲ್ಲಿ ನಿಧಾನಕ್ಕೆ ನಡೆದಳು. ಹತ್ತಿ ಅಂಡಿಗೆ ಹೇರಿದ ಟ್ರ್ಯಾಕ್ಟರು ಹಾದುಹೋಗಿ ಗಾಳಿಯಲ್ಲಿ ಎಳೆ ಎಳೆ ಹತ್ತಿ ಹಾರಾಡುತ್ತಿತ್ತು. ತೊಯ್ದ ಸೀರೆಯ ಅಂಚಿಗೆ ಅದು ಅಂಟಿಕೊಳ್ಳುತ್ತಿತ್ತು, ಅವಳು ಬಿಡಿಸಿಕೊಳ್ಳಲಿಲ್ಲ. ನಾಲ್ಕು ಬೆರಳಿನ ಎಡೆ ಅವಳ ಕಣ್ಣ ಮುಂದಿತ್ತು. ಕೈಗುಣ ಹೋದೀತೆಂಬ ಹೆದರಿಕೆ ಇಷ್ಟು ವರ್ಷ ಎಷ್ಟು ದೊಡ್ಡದಿತ್ತೋ, ಅದರ ಪಕ್ಕದಲ್ಲಿ ಆ ಎಡೆ ಅದಕ್ಕಿಂತ ದೊಡ್ಡದಾಗಿ ಕಂಡಿತು. ಅವಳಿಗೆ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಎಲ್ಲಾದರೂ ಕೂತರೆ ಸಾಕು ಅನ್ನಿಸಿತು.

ಅಂದು ರೇಣುವಿಗೆ ವಾರದ ರಜೆ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೆಂಪವ್ವ ಬಂದು ಅವಳ ಎದುರಿಗೆ ನೆಲದ ಮೇಲೆ ಕೂತಳು. ಮೊರದ ಮೇಲೆ ಬಲಗೈ ಚಾಚಿದಳು. ಜೋಳದ ಕಾಳುಗಳ ಮೇಲೆ ಆ ಕೈ ಬೇರು ಕಿತ್ತ ಗಿಡದಂತೆ ಬಿದ್ದುಕೊಂಡಿತು.

“ಹಚ್ಚು,” ಎಂದಳು.

ರೇಣು ಏನೂ ಕೇಳದೆ ಮೊರ ಬದಿಗಿಟ್ಟು ಎಣ್ಣೆ ಕಾಸಲು ಎದ್ದಳು.

ರೇಣು ಬೆರಳಿನಿಂದ ಸುರುಮಾಡಲಿಲ್ಲ. ಕುತ್ತಿಗೆಯಿಂದ ಸುರುಮಾಡಿದಳು. ಆಮೇಲೆ ಹೆಗಲು, ತೋಳು, ಮೊಣಕೈಯ ಒಳಬದಿ. ಕೆಂಪವ್ವ ಮೊದಮೊದಲು ತಪ್ಪು ಹುಡುಕುತ್ತಿದ್ದಳು. ಎಣ್ಣೆ ಹೆಚ್ಚಾಯಿತು, ಕೈ ಅವಸರ ಮಾಡುತ್ತಿದೆ ಎಂದುಕೊಂಡಳು. ಹೆಗಲಿನ ಹಿಂದಿನ ಒಂದು ಗಂಟಿನ ಮೇಲೆ ಸೊಸೆಯ ಅಂಗೈ ಬಂದು ಊರಿ ನಿಂತಾಗ ಹುಡುಕುವುದು ನಿಂತುಹೋಯಿತು. ಅಲ್ಲಿ ಅಂಥದೊಂದು ಗಂಟಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಎಷ್ಟು ಮನೆಗಳ ನೀರಿನ ಕೊಡ, ಎಷ್ಟು ಬಾಣಂತಿಯರ ಭಾರ ಅಲ್ಲಿ ಕೂತಿತ್ತೋ. ರೇಣು ಅದನ್ನು ಒತ್ತಲಿಲ್ಲ. ಬಿಸಿ ಅಂಗೈ ಇಟ್ಟು ಕಾದಳು. ಅದು ತಾನಾಗಿ ಕರಗತೊಡಗಿದಾಗ ಕೆಂಪವ್ವನ ಬಾಯಿಂದ ಒಂದು ಉಸಿರು ಬಂತು. ಊರಿನ ಹೆಂಗಸರೆಲ್ಲ ಬಿಡುತ್ತಿದ್ದ ಅದೇ ಉಸಿರು. ಕೊನೆಗೆ ಮಣಿಕಟ್ಟು, ಅಂಗೈಯ ನಡು, ಹೆಬ್ಬೆರಳಿನ ಊದಿದ ಬುಡ. ಅಲ್ಲಿ ರೇಣುವಿನ ಬೆರಳು ಹೂವು ಮುಟ್ಟಿದಂತೆ ಹಗುರಾಗಿದ್ದವು. ಊದಿದ ಕಡೆ ತಿಕ್ಕಬಾರದು ಎಂದು ಮೆಲ್ಲಗೆ ಹೇಳಿದಳು.

ತನ್ನ ಕೈಯನ್ನು ಇನ್ನೊಬ್ಬರು ಹೀಗೆ ಹಿಡಿದು ಎಷ್ಟು ವರ್ಷವಾಯಿತೆಂದು ಕೆಂಪವ್ವ ಯೋಚಿಸಲು ಹೋದಳು. ನೆನಪಾಗಲಿಲ್ಲ.

ಮುಗಿದ ಮೇಲೆ ಅವಳು ಅಭ್ಯಾಸದಂತೆ ಏಳಲು ಹೋದಳು. ರೇಣು ಬಿಡಲಿಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮಣಿಕಟ್ಟಿಗೆ ಸುತ್ತಿ, ಲೋಟದಲ್ಲಿ ಬಿಸಿನೀರು ಕೊಟ್ಟು, ಚಾದರ ಹೊದಿಸಿದಳು.

“ಜ್ವಾಳಾ ಹಂಗ ಬಿದ್ದೈತಿ,” ಎಂದಳು ಕೆಂಪವ್ವ.

“ಬಿದ್ದಿರಲಿ. ಮಕ್ಕೋರಿ.”

“ನನಗ ನಿದ್ದಿ ಬರಂಗಿಲ್ಲ ಹಗಲಿ.”

“ಬರದಿದ್ರ ಬ್ಯಾಡ. ಏಳಬ್ಯಾಡ್ರಿ ಅಷ್ಟ.”

ಮಲಗುವುದು ಇಷ್ಟು ಕಷ್ಟವೆಂದು ಅವಳಿಗೆ ತಿಳಿದಿರಲಿಲ್ಲ. ಹೊರಗೆ ಯಾರೋ ಬಂದಂತೆ, ಒಲೆಯ ಮೇಲೆ ಏನೋ ಉಕ್ಕಿದಂತೆ, ಯಾವುದೋ ಮನೆಯಲ್ಲಿ ಬಾಣಂತಿಯೊಬ್ಬಳು ಎಣ್ಣೆ ಹಚ್ಚಿಕೊಂಡು ತನಗಾಗಿ ಕಾಯುತ್ತಿರುವಂತೆ ಅನ್ನಿಸುತ್ತಲೇ ಇತ್ತು. ಇಷ್ಟು ವರ್ಷ ಬಾಣಂತಿಯರಿಗೆ ಸುಮ್ಮನೆ ಬಿದ್ದಿರು ಎಂದು ಗದರುತ್ತಿದ್ದಳಲ್ಲ, ಅವರಿಗೆಲ್ಲ ಹೀಗೆಯೇ ಆಗುತ್ತಿತ್ತೇನೋ. ಅದಕ್ಕೇ ಬಾಗಿಲಲ್ಲಿ ಒಬ್ಬರು ಬೇಕು ಎಂದುಕೊಂಡಳು. ಹೊರಳಿ ನೋಡಿದರೆ ರೇಣು ಹೊಸ್ತಿಲ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಅವಳ ಬೆನ್ನು ಬಾಗಿಲು ತುಂಬಿತ್ತು. ಬೆವರು ಬಂತು. ಬೆವರು ಆರಿತು. ನಡುವೆ ನಿದ್ದೆಯೂ ಬಂದಿತ್ತು.

ಮಾರನೆಯ ದಿನದಿಂದ ರೇಣು ತಡವಾದ ಬಸ್ಸಿಗೆ ಹೋಗುವಂತೆ ಕೇಂದ್ರದಲ್ಲಿ ಕೇಳಿಕೊಂಡು, ಬೆಳಿಗ್ಗೆ ಅತ್ತೆಯ ಜೊತೆ ಸಾವಿತ್ರೆವ್ವನ ಮನೆಗೆ ಬರತೊಡಗಿದಳು. ಕೈ ಬದಲಾಗಿಲ್ಲ ಎಂದು ತೋರಿಸಲು ಮೊದಲ ಹನಿ ಎಣ್ಣೆಯನ್ನು ಕೆಂಪವ್ವ ಎಡಗೈಯಿಂದ ಕೂಸಿನ ನೆತ್ತಿಗೆ ಮುಟ್ಟಿಸುತ್ತಿದ್ದಳು. ಅದು ಸಾವಿತ್ರೆವ್ವನ ಉಪಾಯ. ನೆರೆಹೊರೆಯ ಬಾಯವ್ವ ಕೇಳಿದರೆ, ಎರಿಯೂದು ಕೆಂಪವ್ವನ, ಸೊಸಿ ಕೈಗೂಡಸ್ತಾಳ ಎಂದು ಹೇಳುತ್ತಿದ್ದಳು. ಆಮೇಲೆ ಕೆಂಪವ್ವ ಬಚ್ಚಲದ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದಳು. ರೇಣುವಿಗೆ ಕಾಲು ಚಾಚಿ ಕೂರುವುದು ಮೊದಲು ಒಗ್ಗಲಿಲ್ಲ. ಎರಡು ದಿನ ಕೂಸು ರಚ್ಚೆ ಹಿಡಿದು ಅತ್ತಿತು. ಆ ಎರಡು ದಿನ ಕೆಂಪವ್ವನ ಮನಸ್ಸಿನಲ್ಲಿ ಒಂದು ಸಣ್ಣ ಸಮಾಧಾನ ಇತ್ತು, ಅದಕ್ಕೆ ಅವಳಿಗೆ ನಾಚಿಕೆಯೂ ಆಯಿತು. ಮೂರನೆಯ ದಿನ ಕೂಸು ರೇಣುವಿನ ಕಾಲ ಮೇಲೆಯೇ, ತಲೆಗೆ ನೀರು ಬೀಳುವ ಮೊದಲೇ, ಕಣ್ಣು ಮುಚ್ಚಿತು.

ಮನೆಗೆ ಬರುವ ದಾರಿಯಲ್ಲಿ, ಇಳಿತಲ್ಲ ನಿನ್ನ ಕೈಗೆ ಎಂದಳು ಕೆಂಪವ್ವ.

“ಅದೇನಲ್ಲರಿ ಅತ್ತಿ. ನನ್ನ ಕೈ ನೋಯಾಕತ್ತಿಲ್ಲ, ಅಷ್ಟ. ನೋಯೂ ಕೈ ಕೂಸಿಗಿ ಗೊತ್ತಾಗತೈತಿ.”

ಕೆಂಪವ್ವನಿಗೆ ಮುದಕವ್ವನ ಕಡೆಯ ವರ್ಷ ನೆನಪಾಯಿತು. ಬಾಗಿಲಲ್ಲಿ ಕೂತಿದ್ದ ಆ ಮುದುಕಿಯ ಬೆರಳುಗಳು ಹೇಗಿದ್ದವೆಂದು ಅವಳು ಆಗ ಒಮ್ಮೆಯೂ ಹಿಡಿದು ನೋಡಿರಲಿಲ್ಲ.

ದಿನಗಳು ಹಾಗೆಯೇ ಸರಿದವು. ರೇಣು ದಿನಾ ಬೆಳಿಗ್ಗೆ ಮೊದಲು ಅತ್ತೆಯ ಕೈಗೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಆಮೇಲೆ ಕೂಸಿನ ಮನೆಗೆ ಹೊರಡುತ್ತಿದ್ದಳು. ನೀವು ಮಲಗಿ, ತಡವಾಗಿ ಬನ್ನಿ ಎನ್ನುತ್ತಿದ್ದಳು. ನೆತ್ತಿಗೆ ಎಣ್ಣೆ ಮುಟ್ಟಿಸುವ ನೆವ ಮಾಡಿ ಕೆಂಪವ್ವ ಹಿಂದೆಯೇ ಬರುತ್ತಿದ್ದಳು. ನೋವು ಇಳಿಯಿತು. ಬೆಳಗಿನ ಜುಮುಜುಮು ಕಡಿಮೆಯಾಯಿತು, ನಿದ್ದೆ ಬಂತು, ಉಪ್ಪನ್ನು ಚಿಟಿಕೆಯಲ್ಲಿ ಹಿಡಿಯಲು ಬಂತು. ಹಿಡಿತ ಮಾತ್ರ ಬರಲಿಲ್ಲ. ಎಣ್ಣೆ ಬಿಗಿದದ್ದನ್ನು ಸಡಿಲು ಮಾಡುತ್ತದೆ, ಸವೆದದ್ದನ್ನು ತುಂಬಿ ಕೊಡುವುದಿಲ್ಲ. ಅದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒದ್ದೆ ಬಟ್ಟೆ ಹಿಂಡಲು ಹೋದಾಗ ಕೈಯೇ ಹೇಳಿತು.

ಕೊನೆಯ ಎರಕದ ದಿನ ಶೈಲಜಾ ಎರಕೊಂಡು, ಮಲಗಿ, ಎದ್ದು, ಮುಂದಿನ ಕಟ್ಟೆಯ ಮೇಲೆ ಬಿಸಿಲಿಗೆ ಕೂದಲು ಹರವಿಕೊಂಡು ಕೂತಿದ್ದಳು. ಪಕ್ಕದಲ್ಲಿ ಕೆಂಪವ್ವ, ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಒಳಗೆ ರೇಣು ಕೂಸಿಗೆ ಹೊಗೆ ಹಾಕುತ್ತಿದ್ದಳು. ಮುಂದಿನ ಸೋಮವಾರ ಶೈಲಜಾ ಸವದತ್ತಿಗೆ ಹೋಗುವವಳು. ಅಲ್ಲಿ ಅತ್ತೆ ಮನೆ, ಅದರ ಮೇಲೆ ಸಾಲೆ, ಎರಡನ್ನೂ ನೆನೆದರೇ ನಡು ನೋಯುತ್ತದೆ ಎಂದಳು. ಆಮೇಲೆ ಸ್ವಲ್ಪ ತಡೆದು ಕೇಳಿದಳು:

“ಅಲ್ಲಿ ನೀನೂ ಇರಂಗಿಲ್ಲ, ರೇಣುನೂ ಇರಂಗಿಲ್ಲ. ನಾ ಹೆಂಗ ಮಾಡ್ಲಿ ಆಯಿ?”

ಕೆಂಪವ್ವ ಹೇಳತೊಡಗಿದಳು. ಸ್ನಾನದ ಮುಂಚೆ ಅಂಗೈಯಷ್ಟು ಎಣ್ಣೆ ಕಾಸಿಕೊಂಡು ತನ್ನ ನಡುವಿಗೆ ತಾನೇ ಹಚ್ಚಿಕೊಳ್ಳಬೇಕು. ಗಂಡ ಹಚ್ಚಿದರೆ ಹಚ್ಚಿಸಿಕೊಳ್ಳಬೇಕು, ಅದಕ್ಕೇನು ನಾಚಿಕೆ. ಹೊಟ್ಟೆಯ ಪಟ್ಟಿ ಇನ್ನೂ ಕೆಲವು ದಿನ ಬಿಡಬಾರದು. ಶೈಲಜಾ ತಲೆಯಾಡಿಸುತ್ತಿದ್ದಳು, ಆದರೆ ಅವಳ ಕಿವಿ ಒಳಗೆ ಕೂಸಿನ ಕಡೆ ಇತ್ತು. ರೇಣು ಬಾಗಿಲಿಗೆ ಬಂದಳು. ಅತ್ತೆಯ ಕೈಗೆ ಸುತ್ತಿದ ಬಟ್ಟೆ ತಣ್ಣಗಾಗಿ ಜೋಲುಬಿದ್ದದ್ದನ್ನು ನೋಡಿದಳು. ಎಣ್ಣೆ ಹಚ್ಚಿದ ಮೈಯಲ್ಲಿ ಇವತ್ತೂ ಎದ್ದು ಬಂದಿರೇನು ಎಂದು ಬೈಯಲಿಲ್ಲ. ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತಳು.

“ಸಾಲಿಂದ ಬಂದ ಕೂಡ್ಲೆ ಒಲಿ ಮುಂದ ಹೋಗಬ್ಯಾಡ ತಂಗಿ,” ಎನ್ನುತ್ತ ಕೆಂಪವ್ವ ಎಡಗೈ ಊರಿ ಎದ್ದಳು. “ಮೊದಲ ಒಂದೀಟು ಬೆನ್ನು ನೆಲಕ್ಕ ಹಚ್ಚು. ಯಾರರ ಕರದ್ರ ಕರೀಲಿ. ನಾನೂ ಈಗ ಹೋಗಿ ಅಡ್ಡಾಗತೇನಿ, ಬೆವರು ಇನ್ನಾ ಆರಿಲ್ಲ, ಈಕಿ ನೋಡು ಹೆಂಗ ನಿಂತಾಳ, ಮಾತಾಡ್ಕೋತ ಕುಂತ್ರ ನನಗ...”

ಕಟ್ಟೆಯ ಮೆಟ್ಟಿಲು ಇಳಿಯುತ್ತಲೇ ಏನೋ ಹೇಳುತ್ತಿದ್ದಳು, ಬೀದಿಗೆ ಬಂದ ಮೇಲೂ ತುಟಿ ಆಡುತ್ತಿತ್ತು, ಮಾತು ಮುಗಿಸಲು ತಿರುಗಿ ನೋಡದೆ, ಕೈಯನ್ನು ಸೆರಗಿನೊಳಗೆ ಬೆಚ್ಚಗೆ ಮಾಡಿಕೊಂಡು, ಅವಳು ಮನೆಯ ಕಡೆ ನಡೆದಳು.